ಹುಲುಗಪ್ಪ ಹೂಂ ಅನ್ನದ ಸಾಲು

ನನ್ನ ಹತ್ತಿರ ಓದು ಕಲಿತವರಲ್ಲಿ ನನಗಿಂತ ಮೂವತ್ತು ವರ್ಷ ದೊಡ್ಡವನೊಬ್ಬ ಇದ್ದ. ಹೆಸರು ಹುಲುಗಪ್ಪ, ಕೆಲಸ ನೀರುಗಂಟಿಕೆ. ಕಾಲುವೆಯ ತೂಬು ತೆಗೆದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು ನೀರುಗಂಟಿ. ಆತ ನನ್ನಿಂದ ಏನು ಕಲಿತ ಎಂದು ಕೇಳಿದರೆ ಅಕ್ಷರಮಾಲೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ನಾನು ಆತನಿಂದ ಏನು ಕಲಿತೆ ಎಂಬುದನ್ನು ಮಾತ್ರ ಹಾಗೆ ಹೇಳಲು ಬರುವುದಿಲ್ಲ.

ಆಗ ನನಗೆ ಇಪ್ಪತ್ತೆರಡು. ಬಳ್ಳಾರಿಯ ತರಬೇತಿ ಶಾಲೆಯಲ್ಲಿ ಎರಡು ವರ್ಷ ಕೂತು, ಮಕ್ಕಳಿಗೆ ಹೇಗೆ ಓದಿಸಬೇಕೆಂಬ ವಿಷಯದಲ್ಲಿದ್ದ ಎಲ್ಲ ಸಂದೇಹಗಳನ್ನೂ ಕಳೆದುಕೊಂಡು ಬಂದಿದ್ದೆ. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ಹೊಳೆಯಿಂದ ಅರ್ಧ ಮೈಲಿ ಈಚೆಗೆ ಒಂದು ಊರು. ಹೆಸರು ಬರೆದರೆ ಊರಿನವರು ನನ್ನ ಮನೆಯವರೆಗೂ ಬಂದು ತಪ್ಪು ತಿದ್ದುತ್ತಾರೆ, ಅದಕ್ಕೇ ಬರೆಯುವುದಿಲ್ಲ. ಅಲ್ಲಿನ ಬೋರ್ಡ್ ಶಾಲೆಯಲ್ಲಿ ಇಬ್ಬರು ಮಾಸ್ತರರು. ದೊಡ್ಡ ಮಾಸ್ತರರು ಮಧ್ಯಾಹ್ನದ ಮೇಲೆ ಕುರ್ಚಿಯಲ್ಲೇ ಕಣ್ಣು ಮುಚ್ಚಿ ಶಾಲೆಯನ್ನು ಕಾಯುತ್ತಿದ್ದರು. ನಾನು ಸಣ್ಣ ಮಾಸ್ತರ. ಇಸ್ತ್ರಿ ಮಾಡಿದ ಕೋಟು ಒಂದೇ ಇತ್ತು. ಊರಿನವರು ಅದನ್ನು ನೋಡಿ ನನಗೆ ನಮಸ್ಕಾರ ಮಾಡುತ್ತಿದ್ದರು; ನಾನು ಅದು ನನಗೇ ಎಂದುಕೊಂಡಿದ್ದೆ.

ದಸರೆ ಕಳೆದ ಮೇಲೆ ಒಂದು ದಿನ ಹತ್ತು ಗಂಟೆಗೆ ಹುಲುಗಪ್ಪ ಶಾಲೆಯ ಬಾಗಿಲಿಗೆ ಬಂದ. ಮೊಣಕಾಲವರೆಗೆ ಒದ್ದೆ ಮಣ್ಣು. ಸಲಿಕೆಯನ್ನು ಗೋಡೆಗೆ ಆನಿಸಿ, ತಲೆಯ ರುಮಾಲು ಬಿಚ್ಚಿ ಕಾಲು ಒರೆಸಿಕೊಂಡ.

"ಮಾಸ್ತರ, ನನಗೂ ಸಾಲಿ ಕಲಿಸ್ರಿ. ಯುಗಾದಿ ಒಳಗ."

"ಯಾಕ ಹುಲುಗಪ್ಪಣ್ಣ, ಒಮ್ಮಿಂದೊಮ್ಮೆ?"

"ಕಚೇರಿಯಿಂದ ಹುಕುಂ ಬಂದೈತ್ರಿ. ಇನ್ನು ಮುಂದ ನೀರಿನ ಸರದಿ ಹಾಳ್ಯಾಗ ಬರಕೊಂಡು ಬರ್ತೈತಂತ. ಓದಾಕ ಬರಲಾರದವನ ಕೈಯಾಗ ತೂಬು ಇರಬಾರದಂತ. ಯುಗಾದಿಗೆ ಓವರ್ಸಿಯರ್ ಸಾಹೇಬ್ರು ಬಂದು ಓದಿಸಿ ನೋಡ್ತಾರ. ಓದಿದ್ರ ನಾನು, ಇಲ್ಲಂದ್ರ ಕಂಪ್ಲಿಯಿಂದ ಐದನೇತ್ತ ಪಾಸಾದ ಹುಡುಗ."

ಆತನ ಅಪ್ಪ ಗಾಳೆಪ್ಪ, ಅಪ್ಪನ ಅಪ್ಪ, ಅವರಪ್ಪ, ಎಲ್ಲರೂ ಅದೇ ತೂಬಿನ ನೀರುಗಂಟಿಗಳು. ಆ ಕಾಲುವೆಯೋ ವಿಜಯನಗರದ ಅರಸರು ಕಟ್ಟಿಸಿದ್ದು. ಅರಸರು ಹೋದರು, ಪಟ್ಟಣ ಹಾಳಾಯಿತು, ನೀರು ಮಾತ್ರ ಸುದ್ದಿ ತಿಳಿಯದವರಂತೆ ಹರಿಯುತ್ತಲೇ ಇದೆ. ಹುಲುಗಪ್ಪ ತೂಬಿನ ಕಲ್ಲಿಗೆ ಕಿವಿಯಿಟ್ಟು, ನೀರು ಎಷ್ಟು ಗೇಣು ಇದೆ ಎಂದು ಹೇಳುತ್ತಿದ್ದ. ಯಾರ ಬಾಳೆಗೆ ಎಂದು ಬಾಯಾರುತ್ತದೆ ಎಂಬುದು ಆತನಿಗೆ ಆ ಬಾಳೆಯ ಯಜಮಾನನಿಗಿಂತ ಒಂದು ದಿನ ಮೊದಲು ಗೊತ್ತು. ಇಂಥವನಿಗೆ ಒಂದು ಹಾಳೆ ಬಂದು ನೀನು ಬೇಡ ಎನ್ನಬಹುದು ಎಂದರೆ ನನಗೂ ಪಿಚ್ಚೆನಿಸಿತು. ಆದರೆ ಅದಕ್ಕಿಂತ ಹೆಚ್ಚಾಗಿ, ಐವತ್ತು ದಾಟಿದವನಿಗೆ ಆರು ತಿಂಗಳಲ್ಲಿ ಓದು ಕಲಿಸಿದ ಸಣ್ಣ ಮಾಸ್ತರ ಎಂದು ಜಿಲ್ಲೆಯಲ್ಲೆಲ್ಲ ನನ್ನ ಹೆಸರು ಹೇಳಿಕೊಳ್ಳುತ್ತಾರೆ ಎಂಬ ಸಂತೋಷವೇ ಮುಂದೆ ನಿಂತಿತು.

ಕೊನೆಯ ಸಾಲಿನಲ್ಲಿ, ಗೋಡೆಗೆ ಬೆನ್ನು ಹಚ್ಚಿ, ಚಾಪೆಯ ಮೇಲೆ ಕೂತ. ಅಕ್ಷರ ಕಲಿಯುವುದರಲ್ಲಿ ಆತನೇನೂ ಚುರುಕಲ್ಲ. ಆದರೆ ಕಲಿತದ್ದು ಹೋಗುತ್ತಿರಲಿಲ್ಲ. ಮರಳಿನ ಮೇಲೆ ಬೆರಳಿಂದ 'ತ' ಬರೆದು, ಬಾಗಿ ನೋಡಿ, "ಇದಕ್ಕ ನೀರು ಈ ಬಾಯಿಂದ ಹೋಗಿ ಇಲ್ಲೆ ಸುತ್ತತೈತಿ" ಎಂದು ಪಕ್ಕದಲ್ಲಿದ್ದ ಜಂಬಕ್ಕನಿಗೆ ಹೇಳುತ್ತಿದ್ದ. ಜಂಬಕ್ಕ ಎರ್ರಿಯಪ್ಪನ ಮಗಳು, ಒಂಬತ್ತು ವರ್ಷದವಳು. ಎದುರಿಗಿದ್ದವರನ್ನು ತಿದ್ದುವುದೆಂದರೆ ಅವಳಿಗೆ ಹಬ್ಬ. "ಅಲ್ಲಪಾ ಮಾಮಾ, ತಲಿಕಟ್ಟು ಮ್ಯಾಲೆ!" ಎಂದು ಆತನ ಬೆರಳು ಹಿಡಿದು ಎಳೆಯುತ್ತಿದ್ದಳು. ಕಾರ್ತಿಕ ಮುಗಿಯುವ ಹೊತ್ತಿಗೆ ಆತ ಮೂರನೇ ತರಗತಿಯ ಪುಸ್ತಕವನ್ನು ಬೆರಳಿಟ್ಟು ಓದುವಷ್ಟಾದ.

ಆಗ ಶುರುವಾಯಿತು ಈ ಹೂಂ.

ಆತ ಆ ಪುಸ್ತಕ ಹಿಡಿದ ಮೇಲೆ ನಾನು ಮೊದಲ ಸಲ ಗಟ್ಟಿಯಾಗಿ ಪಾಠ ಓದಿದಾಗ, ಒಂದು ವಾಕ್ಯ ಮುಗಿಯುತ್ತಲೇ ಹಿಂದಿನಿಂದ "ಹೂಂ" ಎಂದು ಕೇಳಿತು. ಇನ್ನೊಂದು ವಾಕ್ಯ. "ಹೂಂ." ಯಾರೋ ಚೇಷ್ಟೆ ಮಾಡುತ್ತಿದ್ದಾರೆಂದು ತಲೆಯೆತ್ತಿದೆ. ಹುಲುಗಪ್ಪ ಕಣ್ಣು ಅರಳಿಸಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದ.

ಆಮೇಲೆ ದೊಡ್ಡ ಮಾಸ್ತರರು ವಿವರಿಸಿದರು. ಈ ಊರಲ್ಲಿ ಕಥೆ ಹೇಳುವವರ ಎದುರು ಹೂಂಗುಟ್ಟುವವನೊಬ್ಬ ಇರಲೇಬೇಕು. ಹೂಂ ನಿಂತರೆ ಕಥೆ ನಿಂತಿತು. ಹುಲುಗಪ್ಪನಿಗೆ ಏಳು ವರ್ಷವಿದ್ದಾಗಿನಿಂದ ಆ ಕೆಲಸ. ಶ್ರಾವಣದಲ್ಲಿ ಚಾವಡಿಯಲ್ಲಿ ಪುರಾಣ ಓದಿಸುವಾಗಲೂ ಎದುರಿಗೆ ಕೂರುವವನು ಅವನೇ. ಒಮ್ಮೆ ಪುರಾಣ ಓದುವ ಅಯ್ಯನವರು ಒಂದರ ಬದಲು ಎರಡು ಹಾಳೆ ಒಟ್ಟಿಗೆ ತಿರುವಿ ಮುಂದುವರಿದರಂತೆ. ಊರೆಲ್ಲ ಕೈಮುಗಿದು ಕೇಳುತ್ತಿತ್ತು. ಹುಲುಗಪ್ಪನ ಹೂಂ ಬರಲಿಲ್ಲ. ಅಯ್ಯನವರು ಎರಡು ಸಲ ಗಂಟಲು ಸರಿಮಾಡಿಕೊಂಡು, ಮೂರನೇ ಸಲ ಕನ್ನಡಕ ಒರೆಸಿ, ಹಾಳೆ ಹಿಂದಕ್ಕೆ ತಿರುವಿದರಂತೆ.

ನನಗೆ ಇದು ಹಳ್ಳಿಯ ಚಪಲವೆಂದು ಕಂಡಿತು. ತರಬೇತಿ ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಒಂದೇ: ಪಾಠ ನಡೆಯುವಾಗ ತರಗತಿಯಲ್ಲಿ ಉಸಿರು ಕೇಳಬಾರದು. ಇಲ್ಲಿ ಮೂರು ದಿನದೊಳಗೆ ಮೂವತ್ತು ಮಕ್ಕಳೂ ಹೂಂ ಅನ್ನತೊಡಗಿದ್ದರು. ಒಂದೊಂದು ವಾಕ್ಯಕ್ಕೂ ದನದ ಕೊಟ್ಟಿಗೆಯಂತೆ ಸದ್ದು. ನಾನು ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತೆ.

"ಇವತ್ತಿನಿಂದ ಯಾರೂ ಹೂಂ ಅನ್ನಂಗಿಲ್ಲ. ಹುಲುಗಪ್ಪಣ್ಣ, ನಿನಗೂ ಸೇರಿ."

"ಆತ್ರಿ ಮಾಸ್ತರ," ಎಂದ. ಮುಖ ಮಾತ್ರ ಊಟದ ಎಲೆಯ ಮುಂದೆ ಕೂತೂ ಅನ್ನ ಸಿಗದವನದ್ದಾಗಿತ್ತು.

ತರಗತಿ ಶಾಂತವಾಯಿತು. ಬಳ್ಳಾರಿಯ ನನ್ನ ಗುರುಗಳು ನೋಡಬೇಕಿತ್ತು ಎಂದು ಒಂದು ವಾರ ಹಿಗ್ಗಿದೆ. ಎಂಟನೆಯ ದಿನ ಜಂಬಕ್ಕನಿಗೆ ಓದಲು ಹೇಳಿದೆ. ಒಬ್ಬ ಮುದುಕ ಹೊಳೆ ದಾಟಿ ಮಗಳ ಮನೆಗೆ ಹೋಗುವ ಪಾಠ. ಅವಳು ಎತ್ತಿನ ಬಂಡಿ ಇಳಿಜಾರಿನಲ್ಲಿ ಓಡಿದಂತೆ ಓದಿದಳು. ನಾನು ಮೇಜಿನ ಮೇಲೆ ಬೆರಳಿಂದ ತಾಳ ಹಾಕುತ್ತ, ಭೇಷ್ ಎಂದೆ. ಆಗ ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು.

"ಮಾಸ್ತರ, ಹೂಂ ಅನ್ನಬ್ಯಾಡ ಅಂದೀರಿ, ಅದಕ್ಕ ಸುಮ್ನ ಕುಂತೀನಿ. ಆದ್ರ ಆ ಮುದುಕ ಹೊಳಿ ಯಾವಾಗ ದಾಟಿದ? ಈಗರ ಈ ದಂಡ್ಯಾಗ ಕುಂತು ಬುತ್ತಿ ಬಿಚ್ಚಿದ್ದ. ಅಷ್ಟರಾಗ ಮಗಳ ಮನ್ಯಾಗ ಕಾಲು ತೊಳೆಯಾಕ ಹತ್ಯಾನ. ಹರಿಗೋಲು ಹತ್ತಲಿಲ್ಲ, ಇಳೀಲಿಲ್ಲ."

ಪುಸ್ತಕದತ್ತ ನೋಡಿದೆ. ಜಂಬಕ್ಕ ಆರು ಸಾಲು ಹಾರಿಸಿದ್ದಳು. ಮೂವತ್ತು ಮಕ್ಕಳ ಕೈಯಲ್ಲೂ ಆ ಪುಸ್ತಕವಿತ್ತು. ನನ್ನ ಮೇಜಿನ ಮೇಲೂ ಇತ್ತು. ತೆರೆದೇ ಇತ್ತು. ಮುದುಕನನ್ನು ಹೊಳೆಯ ಈಚೆ ದಂಡೆಯಲ್ಲಿ ಬಿಟ್ಟು ನಾವೆಲ್ಲ ಮುಂದೆ ಹೋಗಿದ್ದೆವು, ಒಬ್ಬನು ಮಾತ್ರ ಅಲ್ಲೇ ಆತನ ಜೊತೆ ಕೂತಿದ್ದ.

"ಮುದುಕ ಮುಳುಗಿ ಹೋದ ಅಂತ ತಿಳಕೊಂಡಿದ್ದೆ ನಾನು," ಎಂದು ಒಂದು ಸಣ್ಣ ದನಿ ಕೇಳಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹರಿಗೋಲಿಗೆ ಏನು ಕೊಟ್ಟ, ಬುತ್ತಿಯಲ್ಲಿ ಏನಿತ್ತು, ಮಗಳು ಯಾಕೆ ಎದುರಿಗೆ ಬರಲಿಲ್ಲ. ಆ ಪಾಠವನ್ನು ನಾಲ್ಕು ವರ್ಷದಿಂದ ಆ ಶಾಲೆಯಲ್ಲಿ ಓದಿಸುತ್ತಿದ್ದರು. ಅದರೊಳಗೆ ಒಬ್ಬ ಮನುಷ್ಯನಿದ್ದಾನೆಂದು ಆ ದಿನ ಮೊದಲು ಗೊತ್ತಾದಂತಿತ್ತು, ಮಕ್ಕಳಿಗೂ ಅವರ ಮಾಸ್ತರನಿಗೂ.

ಹೂಂ ಅನ್ನಲು ಅಪ್ಪಣೆ ಕೊಟ್ಟೆ. ಬಹಳ ಗಾಂಭೀರ್ಯದಿಂದಲೇ ಕೊಟ್ಟೆ, ಅದು ನನ್ನದೇ ಹೊಸ ವಿಧಾನ ಎಂಬಂತೆ.

ಆಮೇಲೆ ನನಗೆ ಆ ಹೂಂಗಳ ರುಚಿ ಹತ್ತಿತು. ಒಪ್ಪಿದ್ದಕ್ಕೆ ಒಂದು ಹೂಂ, ಮುಂದೆ ಏನಾಯಿತು ಎನ್ನುವುದಕ್ಕೆ ಇನ್ನೊಂದು, ಪಾಪ ಎನ್ನುವುದಕ್ಕೆ ಉದ್ದನೆಯದು. ತಿಳಿಯದಿದ್ದರೆ ಹೂಂ ಇಲ್ಲ. ಹೂಂ ಬಾರದ ಕಡೆ ನಾನು ನಿಂತು ಮತ್ತೆ ಹೇಳಬೇಕು. ತರಬೇತಿ ಶಾಲೆಯಲ್ಲಿ ಮಕ್ಕಳಿಗೆ ತಿಳಿಯಿತೋ ಇಲ್ಲವೋ ಎಂದು ಕಂಡುಹಿಡಿಯಲು ಹನ್ನೊಂದು ಬಗೆಯ ಪ್ರಶ್ನೆ ಕಲಿಸಿದ್ದರು. ಈಗ ಅವಕ್ಕೆ ಕೆಲಸವಿರಲಿಲ್ಲ.

ಸಂಕ್ರಾಂತಿಯ ಆಸುಪಾಸು ಸಮುದ್ರದ ಪಾಠ ಬಂತು. ನಾನೂ ಸಮುದ್ರ ನೋಡಿದವನಲ್ಲ. ಆದರೂ ದಿನಾ ಅಲ್ಲೇ ಸ್ನಾನ ಮಾಡುವವನಂತೆ ಓದಿದೆ. "ಭೂಮಿಯ ಮೇಲೆ ನೆಲಕ್ಕಿಂತ ನೀರೇ ಹೆಚ್ಚು." ಹೂಂ ಇಲ್ಲ. "ಸಮುದ್ರದ ಆಚೆಯ ದಡ ಕಣ್ಣಿಗೆ ಕಾಣುವುದಿಲ್ಲ." ಇಲ್ಲ. ತಲೆಯೆತ್ತಿದೆ. ಮಕ್ಕಳೆಲ್ಲ ಹಿಂದಕ್ಕೆ ತಿರುಗಿ ಹುಲುಗಪ್ಪನನ್ನು ನೋಡುತ್ತಿದ್ದರು. ಆತ ಬಾಯಿ ತೆರೆದುಕೊಂಡು ಕೂತಿದ್ದ.

"ಮಾಸ್ತರ," ಎಂದ, "ಅಷ್ಟು ನೀರಿಗೆ ನೀರುಗಂಟಿ ಯಾರ್ರಿ?"

ಯಾರೂ ನಗಲಿಲ್ಲ. ನಾನು ನಗಬೇಕೆಂದು ಬಾಯಿ ಅರ್ಧ ತೆರೆದವನು ಹಾಗೇ ಮುಚ್ಚಿದೆ. ಪ್ರಶ್ನೆ ಕೇಳಿದವನು ಹಾಸ್ಯಕ್ಕೆ ಕೇಳಿರಲಿಲ್ಲ. ಅರ್ಧ ಗೇಣು ನೀರು ಹೆಚ್ಚುಕಮ್ಮಿಯಾದರೆ ತಲೆ ಒಡೆಯುವ ಊರಿನವನು ಆತ.

"ಯಾರೂ ಇಲ್ಲ ಹುಲುಗಪ್ಪಣ್ಣ."

"ಸರದಿ?"

"ಸರದಿನೂ ಇಲ್ಲ. ಉಪ್ಪು ನೀರು, ಗದ್ದಿಗೆ ಬರಂಗಿಲ್ಲ."

ಗೋಡೆಯ ಮೇಲಿನ ಭೂಪಟದ ಹತ್ತಿರ ಕರೆದೆ. ನಮ್ಮ ಹೊಳೆಯ ಗೆರೆಯ ಮೇಲೆ ಆತನ ಬೆರಳನ್ನು ಇರಿಸಿ, ಕಂಪ್ಲಿ ದಾಟಿಸಿ, ಕೃಷ್ಣೆಗೆ ಕೂಡಿಸಿ, ಬೆಜವಾಡದ ಆಚೆ ನೀಲಿ ಬಣ್ಣದವರೆಗೆ ತಂದು ಬಿಟ್ಟೆ. ಆತನ ಬೆರಳು ಅಲ್ಲೇ ನಿಂತಿತು.

"ಹಂಗಾದ್ರ ನಮ್ಮ ಕೊನೀ ಗದ್ದಿ ದಾಟಿ ಮತ್ತ ಹೊಳಿಗೆ ಬೀಳೋ ನೀರು..."

"ಅಲ್ಲಿಗೇ ಹೋಗ್ತೈತಿ."

"ನಮ್ಮಪ್ಪ ಬಿಟ್ಟಿದ್ದೂ?"

"ಅದೂ ಅಲ್ಲೇ."

ಆಗ ಬಂತು ಹೂಂ. ನಾನು ಅಂಥ ಹೂಂ ಅದಕ್ಕೆ ಮೊದಲು ಕೇಳಿರಲಿಲ್ಲ. ದೇವರ ಮುಂದೆ ತೆರೆ ಸರಿಸಿದಾಗ ಬರುವಂಥದ್ದು. ಮಕ್ಕಳು ಸಾಲು ಬಿಟ್ಟೆದ್ದು ಬಂದು ಒಬ್ಬೊಬ್ಬರಾಗಿ ಆ ನೀಲಿಯ ಮೇಲೆ ಬೆರಳಿಟ್ಟು ನೋಡಿದರು. ಕೆಲವರು ಬೆರಳನ್ನು ನೆಕ್ಕಿಯೂ ನೋಡಿದರೆಂದು ಕಾಣುತ್ತದೆ. ಭೂಪಟದ ಆ ಮೂಲೆ ಆಮೇಲೆ ಬಣ್ಣಗೆಟ್ಟಿತು.

ಯುಗಾದಿಗೆ ಹತ್ತು ದಿನವಿತ್ತು. ಸರದಿಯ ಮೊದಲ ಹಾಳೆ ಬಂದು ಚಾವಡಿಯ ಗೋಡೆಗೆ ಅಂಟಿತು. ಓವರ್ಸಿಯರ್ ಪರೀಕ್ಷೆ ಮಾಡುವುದು ಇದೇ ಹಾಳೆಯ ಮೇಲೆ ಎಂದೂ ತಿಳಿಯಿತು. ನಾನು ಅದನ್ನು ಪ್ರತಿ ಮಾಡಿಕೊಂಡು ಬಂದೆ. ಹುಲುಗಪ್ಪ ಈಗ ಚೆನ್ನಾಗಿಯೇ ಓದುತ್ತಿದ್ದ. ಆದರೂ ಸಾಹೇಬರ ಎದುರು ನಾಲಿಗೆ ತೊಡರಿದರೆ ಹೋಯಿತಲ್ಲ ತೂಬು! ಬಾಯಿಪಾಠವೇ ಆಗಿಬಿಡಲಿ ಎಂಬುದು ನನ್ನ ಉಪಾಯ.

ಹಾಳೆಯಲ್ಲಿ ಇದ್ದದ್ದು ಇಷ್ಟು. ಸೋಮವಾರ, ನಂಬರ್ ಮೂವತ್ತೊಂಬತ್ತು. ಮಂಗಳವಾರ, ನಲವತ್ತು. ಬುಧವಾರ, ನಲವತ್ತೊಂದು. ಗುರುವಾರ, ನಲವತ್ತೆರಡು. ಹೀಗೆ ಭಾನುವಾರದವರೆಗೆ ಏಳು ಸಾಲು. ಹುಲುಗಪ್ಪ ಮೂರು ಸಾಲು ನಿರಾಳವಾಗಿ ಓದಿ ತನಗೆ ತಾನೇ ಹೂಂ ಅಂದುಕೊಂಡ. ನಾಲ್ಕನೆಯದಕ್ಕೆ ಬಂದು ನಿಂತ.

"ಯಾಕ, ಅಕ್ಷರ ಗೊತ್ತಾಗವಲ್ದೇನು?"

"ಗೊತ್ತೈತ್ರಿ. ಗುರುವಾರ, ನಲವತ್ತೆರಡು. ನಲವತ್ತೆರಡಂದ್ರ ಎರ್ರಿಯಪ್ಪನ ದಿಬ್ಬದ ಬಾಳಿ. ಮ್ಯಾಲಿನ ತೂಬು ತೆಗಿಯೋದು ಭಾನುವಾರ ಸಂಜಿಗೆ. ಸೋಮವಾರ ಕಾಲುವಿ ತುಂಬಿರ್ತೈತಿ. ಗುರುವಾರಕ್ಕ ಮೊಣಕಾಲಿಗೆ ಇಳೀತೈತಿ. ದಿಬ್ಬಕ್ಕ ಹೆಂಗ ಏರಬೇಕ್ರಿ ನೀರು? ನಮ್ಮಜ್ಜನ ಕಾಲದಿಂದ ಸೋಮವಾರ ಎರ್ರಿಯಪ್ಪನ ಮನಿದು."

ಆಗ ನನಗೂ ತಿಳಿಯಿತು. ಹಾಳೆ ಬರೆದವರು ಮೇಜಿನ ಮುಂದೆ ಕೂತು ಸರ್ವೆ ನಂಬರುಗಳನ್ನು ಏಣಿಯ ಮೆಟ್ಟಿಲಿನಂತೆ ಇಳಿಸಿಬಿಟ್ಟಿದ್ದರು. ಮೂವತ್ತೊಂಬತ್ತು ದೊಡ್ಡಬಸಪ್ಪ ಗೌಡರ ಕಬ್ಬಿನ ಗದ್ದೆ. ಕಾಲುವೆಯ ಮಗ್ಗುಲಲ್ಲೇ ಇದೆ, ಯಾವ ದಿನ ಬಿಟ್ಟರೂ ಕುಡಿಯುತ್ತದೆ. ಗೌಡರಿಗೆ ಮಾತ್ರ ಮೊದಲ ದಿನದ ನೀರು ಬೇಕೆಂಬ ಆಸೆ ಬಹಳ ವರ್ಷದ್ದು. ಈಗ ಕೇಳದೆಯೇ ಸಿಕ್ಕಿತ್ತು.

"ಹುಲುಗಪ್ಪಣ್ಣ," ಎಂದೆ ತಗ್ಗಿದ ದನಿಯಲ್ಲಿ, "ಓದೋದು ಬ್ಯಾರೆ, ನೀರು ಹರಿಸೋದು ಬ್ಯಾರೆ. ಸಾಹೇಬ್ರ ಮುಂದ ಏಳೂ ಸಾಲು ಗಡಗಡ ಓದಿಬಿಡು. ತೂಬು ನಿನ್ನ ಕೈಯಾಗ ಉಳೀಲಿ. ಆಮ್ಯಾಲ ಬೇಕಾದ್ರ ನ್ಯಾಯ ಮಾಡು."

ಆತ ಹಾಳೆಯನ್ನು ಮಡಿಚಿ ನನ್ನ ಕೈಗಿಟ್ಟ. ಸಿಟ್ಟಿನಿಂದಲ್ಲ. "ಹಂಗ ಓದಾಕ ನೀವ ಕಲಿಸಲಿಲ್ಲಲ್ರೀ ಮಾಸ್ತರ," ಎಂದ.

ನಾನು ಆತನಿಗೆ ಏನನ್ನು ಕಲಿಸಿದ್ದೆನೆಂದು ಆತ ನಂಬಿದ್ದನೋ ಅದನ್ನು ಕಲಿಸಿದವನು ನಾನಲ್ಲ. ಆದರೆ ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಅಂದಿನಿಂದ ದಿನವೂ ಆತ ನಾಲ್ಕನೇ ಸಾಲಿಗೆ ನಿಂತ. ನಾನು ದಿನಾ ಬೇಡಿಕೊಂಡೆ. ಆತನ ಹೆಂಡತಿ ವಿರುಪಮ್ಮ ಒಂದು ದಿನ ಶಾಲೆಗೇ ಬಂದು ಜಗಲಿಯ ಕೆಳಗೆ ನಿಂತಳು.

"ಒಂದು ಸಾಲು ನುಂಗಿಬಿಡಂತ ಹೇಳ್ರಿ ಮಾಸ್ತರ. ಕಹಿ ಗುಳಿಗಿ ನುಂಗಂಗಿಲ್ಲೇನು ಜನ? ತೂಬು ಹೋದ್ರ ಈ ಮನಶ್ಯಾ ಉಳಿಯಂಗಿಲ್ಲ. ಊಟ ಬಿಟ್ಟಾನು, ಕಾಲುವಿ ಬಿಡಾಂವಲ್ಲ."

ಯುಗಾದಿಯ ಹಿಂದಿನ ಶುಕ್ರವಾರ ಓವರ್ಸಿಯರ್ ಸೈಕಲ್ ಮೇಲೆ ಬಂದರು. ಗುಂಟಕಲ್ಲಿನ ಕಡೆಯವರು, ತೆಳ್ಳನೆ ಮನುಷ್ಯ, ಧೂಳಿನಲ್ಲೂ ಬಿಳಿ ಪ್ಯಾಂಟು. ದೊಡ್ಡ ಮಾಸ್ತರರು ಕುರ್ಚಿ ಬಿಟ್ಟುಕೊಟ್ಟು ನಿಂತರು. ಮಧ್ಯಾಹ್ನದ ಮೇಲೆ ಅವರು ನಿಂತಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪರೀಕ್ಷೆ ಶಾಲೆಯಲ್ಲೇ ಆಗಬೇಕೆಂದಿದ್ದರಿಂದ ಮಕ್ಕಳೂ ಇದ್ದರು. ಬಾಗಿಲಲ್ಲಿ, ಕಿಟಕಿಯಲ್ಲಿ ಊರು.

"ಏನಯ್ಯಾ, ನೀನೇನಾ ನೀರುಗಂಟಿ? ಓದು."

ಹುಲುಗಪ್ಪ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದ. "ಸೋಮವಾರ. ನಂಬರ್ ಮೂವತ್ತೊಂಬತ್ತು."

"ಹೂಂ," ಎಂದರು ಮೂವತ್ತು ಮಕ್ಕಳು.

ಓವರ್ಸಿಯರ್ ಕುರ್ಚಿಯಲ್ಲೇ ಹಾರಿಬಿದ್ದರು. "ಇದೇನು ಮೇಷ್ಟ್ರೇ?"

"ಇಲ್ಲಿಯ ಪದ್ಧತಿ ಸಾರ್," ಎಂದೆ. ಕೋಟಿನೊಳಗೆ ಬೆವರು ಇಳಿಯುತ್ತಿತ್ತು.

ಮಂಗಳವಾರ, ಹೂಂ. ಬುಧವಾರ, ಹೂಂ. ಹುಲುಗಪ್ಪನ ಬೆರಳು ನಾಲ್ಕನೇ ಸಾಲಿಗೆ ಬಂತು. ನಿಂತಿತು. ನಾನು ಮನಸ್ಸಿನಲ್ಲೇ ಓದು ಮಾರಾಯ, ಓದು ಎಂದೆ. ಹೊರಗೆ ಯಾರೋ ನಿಟ್ಟುಸಿರು ಬಿಟ್ಟರು.

"ಅಷ್ಟೇನಾ? ಮುಂದೆ ಬರೋದಿಲ್ಲವಾ?" ಓವರ್ಸಿಯರ್ ಪೆನ್ಸಿಲ್ ತೆಗೆದರು.

"ಬರ್ತೈತ್ರಿ ಸಾಹೇಬ್ರ. ಗುರುವಾರ, ನಂಬರ್ ನಲವತ್ತೆರಡು ಅಂತ ಬರದೈತಿ. ಅದರ ಮುಂದ ಶುಕ್ರವಾರ, ನಲವತ್ತಮೂರು. ಎಲ್ಲಾ ಓದಾಕ ಬರ್ತೈತಿ. ಆದ್ರ ನಾಕನೇದಕ್ಕ ಹೂಂ ಬರವಲ್ದು."

"ಹೂಂ ಯಾರು ಕೇಳಿದ್ರಯ್ಯಾ ನಿನ್ನ? ಓದು ಅಂದ್ರೆ ಓದಬೇಕು."

"ಹೂಂ ಬರದಿದ್ರ ಓದಿದಂಗ ಹೆಂಗಾತ್ರಿ?"

ಓವರ್ಸಿಯರ್ ಹಾಳೆಯನ್ನು ಕಿತ್ತುಕೊಂಡರು. "ನಾನು ಓದ್ತೀನಿ, ಕೇಳು. ಗುರುವಾರ, ನಂಬರ್ ನಲವತ್ತೆರಡು!"

ಆ ಮೂವತ್ತು ಮಕ್ಕಳನ್ನು ಸುಮ್ಮನಿರಿಸಲು ನಾನು, ಆ ಒಂದು ವಾರ ಬಿಟ್ಟರೆ, ವರ್ಷವಿಡೀ ಬೆತ್ತ, ಬೆದರಿಕೆ, ಬೆಲ್ಲ ಎಲ್ಲವನ್ನೂ ಮಾಡಿ ಸೋತಿದ್ದೆ. ಈಗ ಮೌನವಾಗಿ ಕೂತಿದ್ದರು. ಸಾಹೇಬರು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಓದಿದರು. ಕಿಟಕಿಯ ಆಚೆ ಒಂದು ಗುಬ್ಬಿ ಚಿಲಿಗುಟ್ಟಿದ್ದು ಕೇಳಿತು. ಹೆದರಿದ ಮೌನವಲ್ಲ ಅದು. ಅವರೆಲ್ಲ ಆ ಗದ್ದೆಗಳ ಮಕ್ಕಳು. ಸಾಲಿನೊಳಗಿನ ದಿಬ್ಬ ಅವರಿಗೆ ಕಾಣುತ್ತಿತ್ತು, ಆ ದಿಬ್ಬದ ಕೆಳಗೆ ನಿಂತ ನೀರೂ ಕಾಣುತ್ತಿತ್ತು.

ಓವರ್ಸಿಯರರ ದನಿ ಇಳಿಯಿತು. "ಯಾಕಮ್ಮಾ? ಏನಿದೆ ಈ ಸಾಲಲ್ಲಿ?" ಎಂದು ಎದುರಿಗಿದ್ದ ಜಂಬಕ್ಕನನ್ನು ಕೇಳಿದರು.

"ನಲವತ್ತೆರಡು ನಮ್ದ್ರಿ. ಗುರುವಾರ ನೀರು ಅಲ್ಲಿಗೆ ಏರಂಗಿಲ್ರಿ."

ಹುಲುಗಪ್ಪ ಎಲ್ಲ ವಿವರಿಸಿದ. ಓವರ್ಸಿಯರ್ ಕೇಳಿದರು. ಕೇಳುವವರೇ ಆಗಿದ್ದರು ಅವರು, ನನಗೆ ಅದು ಗೊತ್ತಿರಲಿಲ್ಲ. ಪೆನ್ಸಿಲಿನಿಂದ ಎರಡು ಸಾಲು ತಿದ್ದಿ, ಪರೀಕ್ಷಿಸುವವರಂತೆ ನಿಧಾನವಾಗಿ ಓದಿದರು: "ಸೋಮವಾರ, ನಂಬರ್ ನಲವತ್ತೆರಡು. ಗುರುವಾರ, ನಂಬರ್ ಮೂವತ್ತೊಂಬತ್ತು."

ಮಕ್ಕಳೆಲ್ಲ ಎರಡನೇ ಸಾಲಿನತ್ತ ತಿರುಗಿದರು. ಅಲ್ಲಿ ದೊಡ್ಡಬಸಪ್ಪ ಗೌಡರ ಮಗ ಉಜ್ಜಿನಪ್ಪ ಕೂತಿದ್ದ. ಹತ್ತು ವರ್ಷದ ದಪ್ಪ ಹುಡುಗ. ಸೋಮವಾರ ಹೋಗುತ್ತಿದ್ದುದು ಅವನ ಮನೆಯದು. ಕಿವಿ ಕೆಂಪಾಯಿತು. ಕಿಟಕಿಯಲ್ಲಿ ಅಪ್ಪ ಇದ್ದಾನೋ ಎಂದು ನೋಡಿದ, ಇರಲಿಲ್ಲ. ಪಾಟಿಯ ಅಂಚನ್ನು ಉಗುರಿನಿಂದ ಕೆರೆದ. ಆಮೇಲೆ, ತನ್ನಷ್ಟಕ್ಕೆ ಎಂಬಂತೆ, ಅಂದ: "ಹೂಂ."

ಉಳಿದವರ ಹೂಂ ಮಾಳಿಗೆ ಮುಟ್ಟಿತು.

ಓವರ್ಸಿಯರ್ ಹಾಳೆ ಮಡಿಚಿ ಹುಲುಗಪ್ಪನ ಕೈಗೆ ಕೊಟ್ಟರು. ಸಹಿ ಮಾತ್ರ ಮಾಡಲಿಲ್ಲ. "ಓದ್ತೀಯ, ಸರಿ. ಆದರೆ ಸರದಿ ತಿದ್ದಿದ್ದೀನಿ. ಇದಕ್ಕೆ ನಾಳೆ ಗದ್ದೆಯಲ್ಲಿ ತಲೆ ಒಡೆದರೆ ನಾನು ಉತ್ತರ ಹೇಳಬೇಕು. ಸೋಮವಾರ ತೂಬಿಗೆ ಬರ್ತೀನಿ. ಜಗಳ ಇಲ್ಲದೆ ನೀರು ಹರಿಸು, ಸಹಿ ಹಾಕ್ತೀನಿ. ಇಲ್ಲದಿದ್ದರೆ ಕಂಪ್ಲಿಯ ಹುಡುಗ."

ಆ ಊರಿನಲ್ಲಿ ಒಂದು ವರ್ಷ ಇದ್ದರೂ ನಾನು ತೂಬನ್ನು ನೋಡಿರಲಿಲ್ಲ. ಕೋಟಿಗೆ ಕೆಸರಾದೀತೆಂದು. ಸೋಮವಾರ ಬೆಳಿಗ್ಗೆ ಹೋದೆ. ಕಾಲುವೆಯ ಏರಿಯ ಮೇಲೆ ಇಪ್ಪತ್ತು ಜನ. ತುಂಬಿದ ನೀರು ಹಳೆಯ ಕಲ್ಲುಗಳಿಗೆ ಹೊಟ್ಟೆ ತಾಗಿಸಿಕೊಂಡು ಸದ್ದಿಲ್ಲದೆ ಬರುತ್ತಿತ್ತು. ದೊಡ್ಡಬಸಪ್ಪ ಗೌಡರು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ತೂಬಿನ ಕಲ್ಲಿನ ಮೇಲೆಯೇ ನಿಂತಿದ್ದರು. ಅವರನ್ನು ಸರಿಸದೆ, ನೀರಿಗೆ ಅಡ್ಡ ಇಟ್ಟ ಹಲಗೆ ಎತ್ತುವಂತಿರಲಿಲ್ಲ.

ಹುಲುಗಪ್ಪ ಹಾಳೆ ಬಿಚ್ಚಿ ಏಳು ಸಾಲನ್ನೂ ಗಟ್ಟಿಯಾಗಿ ಓದಿದ. ಪ್ರತಿ ಸಾಲಿಗೆ ಆ ಗದ್ದೆಯವನು ಹೂಂ ಅಂದ. ಎರ್ರಿಯಪ್ಪನ ಹೂಂನಲ್ಲಿ ಅಳು ಇತ್ತು. ಮೂವತ್ತೊಂಬತ್ತಕ್ಕೆ ಯಾರೂ ಅನ್ನಲಿಲ್ಲ.

"ಕೂಸು ಸಾಲ್ಯಾಗ ಹೂಂ ಅಂದ್ರ ಮನಿ ಯಜಮಾನ ಅಂದಂಗಾತೇನಲೇ ಹುಲುಗಾ?" ಎಂದರು ಗೌಡರು.

"ಇಲ್ರೀ ಗೌಡ್ರ. ಅದಕ್ಕ ಇನ್ನೊಮ್ಮೆ ಓದ್ತೀನಿ." ಓದಿದ. ಗೌಡರು ಅಗಿಯುತ್ತಲೇ ಇದ್ದರು. ಮತ್ತೆ ಓದಿದ. ದನಿ ಏರಲೂ ಇಲ್ಲ, ಬೇಡಲೂ ಇಲ್ಲ. ಏರಿಯ ಆ ತುದಿಯಲ್ಲಿ ಓವರ್ಸಿಯರ್ ಸೈಕಲ್ ಹಿಡಿದು ನಿಂತಿದ್ದನ್ನು ಆತ ನೋಡಿದ್ದ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತದ್ದನ್ನೂ ನೋಡಿದ್ದ. ಮೂರನೇ ಸಲ ಓದಿ ಕಾದ. ಹೂಂ ಬಾರದೆ ಹಲಗೆ ಎತ್ತುವವನಲ್ಲ ಆತ ಎಂದು ನನಗೆ ಅರ್ಥವಾಯಿತು. ಊಟ, ತೂಬು, ನಾಲ್ಕು ತಲೆಮಾರು, ಎಲ್ಲವನ್ನೂ ಆ ಒಂದು ಸಾಲಿನ ಕೊನೆಗೆ ಇಟ್ಟು ನಿಂತಿದ್ದ.

"ಗುರುವಾರ ನನ್ನ ಕಬ್ಬಿಗೆ ನೀರು ಬರ್ತೈತೇನು?" ಗೌಡರು ಕೇಳಿದರು.

"ಬರ್ತೈತ್ರಿ."

"ಬರದಿದ್ರ?"

"ಓದಿದಾಂವ ನಾನ್ರಿ. ನನ್ನ ಕೇಳ್ರಿ."

ಗೌಡರು ದಿಬ್ಬದ ಮೇಲೆ ಎಲೆ ಜೋತುಬಿದ್ದ ಬಾಳೆಗಳ ಕಡೆ ನೋಡಿದರು. ಆಮೇಲೆ ಕೆಳಗೆ, ಜಂಬಕ್ಕನ ಪಕ್ಕ ನಿಂತಿದ್ದ ಮಗನ ಕಡೆ. ಹುಡುಗ ತಲೆ ತಗ್ಗಿಸಲಿಲ್ಲ. ಅವರು ಏರಿಯ ಆಚೆಗೆ ಉಗುಳಿ, ಕಲ್ಲಿನಿಂದ ಇಳಿದರು.

"ಹೂಂ. ತೆಗಿ."

ಹಲಗೆ ಮೇಲೆ ಬಂತು. ನೀರು ಒಮ್ಮೆ ಹಿಂಜರಿದಂತೆ ಸುತ್ತಿ, ದಿಬ್ಬದ ಕಾಲುವೆಗೆ ತಲೆ ಹಾಕಿತು. ಹುಲುಗಪ್ಪ ಸಲಿಕೆ ಹಿಡಿದು ಅದರ ಮುಂದೆ ಮುಂದೆ ನಡೆದ. ನಾನೂ ಎಲ್ಲವನ್ನೂ ಮರೆತು ಹಿಂದೆ ಓಡಿದೆ. ಕೋಟಿನ ತುದಿ ಕೆಸರಿನಲ್ಲಿ ಎಳೆಯುತ್ತಿತ್ತು. ಹಿಂದೆ ಓವರ್ಸಿಯರ್, ಹುಲುಗಪ್ಪ ತೂಬಿನ ಕಲ್ಲಿನ ಮೇಲೆ ಬಿಟ್ಟುಹೋದ ಹಾಳೆಯನ್ನು ಸೈಕಲ್ಲಿನ ಸೀಟಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದುದು ಕಂಡಿತು.

"ಹುಲುಗಪ್ಪಣ್ಣ! ಸಹಿ ಆತು! ತೂಬು ನಿಂದ!" ಎಂದು ಕೂಗಿದೆ.

ಆತ ಬಾಳೆಯ ಬುಡದಲ್ಲಿ ಬಗ್ಗಿ ಕೂತಿದ್ದ. ಒಣಗಿ ಬಿರಿದ ಮಣ್ಣಿನ ಅಂಚಿಗೆ ನೀರಿನ ಮೂತಿ ಬಂದು ಮುಟ್ಟುತ್ತಿತ್ತು. ತಿರುಗಿ ನೋಡದೆ ಒಂದು ಕೈ ಎತ್ತಿದ.

"ಸುಮ್ನಿರ್ರಿ ಮಾಸ್ತರ. ನೀರು ಏರಾಕ ಹತ್ತೈತಿ."